ಮೂರು ಬಗೆಯ ಚಪ್ಪಟೆ ಮೀನಿಗೆ ಒಂದೇ ಕೋಡ್ ಸಾಲದು

"ಒಂದೇ ಬೋಟು. ಎಲ್ಲವೂ ಚಪ್ಪಟೆ, ಎಲ್ಲವೂ ತಳದ ಮೀನು. ನಂಗ್ ಅಂತ ಹಾಕಿ ಎಂಟ್ರಿ ಕ್ಲೋಸ್ ಮಾಡಿ." ನಂಗ್ ಎಂದರೆ ಒಂದು ಬಗೆಯ ಸಣ್ಣ ಚಪ್ಪಟೆ ಮೀನು. ಆಫೀಸಿನಿಂದ ಬಂದ ಈ ಮಾತು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಕಾಸರಗೋಡು ಜಿಲ್ಲೆಯ ಬಂದರುಗಳಲ್ಲಿ ಇಳಿಯುವ ಮೀನಿನ ಲೆಕ್ಕ ಬರೆಯುವುದು ನನ್ನ ಕೆಲಸ. ಟ್ರಾಲಿಂಗ್, ಅಂದರೆ ಬೋಟಿನ ಹಿಂದೆ ಬಲೆ ಎಳೆದು ಮೀನು ಹಿಡಿಯುವುದಕ್ಕೆ ಇರುವ ಮಳೆಗಾಲದ ನಿಷೇಧ ಜುಲೈ 31ಕ್ಕೆ ಮುಗಿಯುತ್ತದೆ. ಆಮೇಲೆ ಮಂಜೇಶ್ವರದಿಂದ ಮಡಕ್ಕರದವರೆಗೆ ನಂಗ್ ಜಾಸ್ತಿ ಬರುವ ಕಾಲ. ಆ ದಿನಗಳಲ್ಲಿ ಬಾಕ್ಸಿನಲ್ಲಿ ಚಪ್ಪಟೆಯಾಗಿ ಕಂಡದ್ದೆಲ್ಲ ನಂಗ್ ಎಂದು ಬರೆದುಬಿಡುವುದು ಬಹಳ ಸುಲಭ.

ಆ ಬೋಟಿನ ಬಾಕ್ಸುಗಳಲ್ಲಿ ಮೂರು ಬಗೆ ಇತ್ತು. ಹೆಚ್ಚಿನದು ನಂಗ್, ಗೇಣುದ್ದ ಮೀರದ್ದು. ಪಕ್ಕದಲ್ಲಿ ಕಪ್ಪು ಮಚ್ಚೆಯ ಅಗಲ ಫ್ಲೌಂಡರ್. ಅಡಿಯಲ್ಲಿ ಕೆಲವು ಆಯಿರಂಪಲ್ಲಿ, ಅರ್ಧ ಮೀಟರಿಗಿಂತ ಉದ್ದ ಬೆಳೆಯುವ ಜಾತಿ. ಏಲಂ ಶುರುವಾಗಿತ್ತು. ಲಾರಿಯವನು ಹಾರ್ನ್ ಹೊಡೆಯುತ್ತಿದ್ದ. ಐಸ್ ಹಾಕಿ ಮುಚ್ಚಿದರೆ ಮುಗಿಯಿತು, ಮತ್ತೆ ಯಾರೂ ತೆರೆಯಲು ಬಿಡುವುದಿಲ್ಲ. ಬೋಟು ನಡೆಸುವ ತಂಡೇಲರ ಹತ್ತಿರ ಕೇಳಿದೆ, "ಅಣ್ಣಾ, ಪ್ರತಿ ಬಗೆಯಲ್ಲೂ ಒಂದೊಂದು ಕೊಡಿ, ಹೊಟ್ಟೆ ಕೊಯ್ದು ಏನು ತಿಂದಿದೆ ನೋಡಬೇಕು." ಅವರು ನನ್ನ ಮುಖ ನೋಡಿದರು. "ಬೇಗ ಆಗಲಿ ಮಾರಾಯ" ಎಂದು ಕತ್ತಿಯನ್ನೂ ಕೊಟ್ಟರು.

ಚಪ್ಪಟೆ ಮೀನಿಗೆ ಎರಡೂ ಕಣ್ಣು ಒಂದೇ ಬದಿಯಲ್ಲಿರುತ್ತವೆ. ನಂಗಿನ ಬಾಯಿ ಸಣ್ಣದು, ಒಂದು ಕಡೆಗೆ ಬಾಗಿದೆ. ಹಲ್ಲಿರುವುದು ಕಣ್ಣಿಲ್ಲದ ಬದಿಯಲ್ಲಿ ಮಾತ್ರ, ಅಂದರೆ ನೆಲಕ್ಕೆ ತಾಗುವ ಬದಿಯಲ್ಲಿ. ಕೆಸರಿನಲ್ಲಿರುವ ಹುಳ, ಪುಟ್ಟ ಸಿಗಡಿಯಂಥವನ್ನು ವಾಸನೆಯಿಂದ, ಸ್ಪರ್ಶದಿಂದ ಹುಡುಕಿ ಹೆಕ್ಕುವ ಮೀನು ಅದು. ಹೊಟ್ಟೆಯ ಚೀಲ ಚಿಕ್ಕದು, ಕರುಳು ಉದ್ದಕ್ಕೆ ಸುತ್ತಿಕೊಂಡಿತ್ತು. ಒಳಗೆ ಕೆಸರು ಬಣ್ಣದ ಹುಳದ ತುಂಡುಗಳು. ಫ್ಲೌಂಡರಿನ ಬಾಯಿ ದೊಡ್ಡದು. ಅದು ಮರಳಿನಲ್ಲಿ ಅಡಗಿ, ಕಣ್ಣಿಟ್ಟು ಕಾಯುತ್ತದೆ. ಹತ್ತಿರ ಬಂದ ಸಿಗಡಿ, ಸಣ್ಣ ಮೀನನ್ನು ಹಿಡಿಯುತ್ತದೆ. ಆಯಿರಂಪಲ್ಲಿಯ ಬಾಯಿ ತೆರೆದರೆ ಸೂಜಿಯಂಥ ಹಲ್ಲುಗಳು. ಅದರ ಮೇಲಿನ ಕಣ್ಣು ತಲೆಯ ಅಂಚಿನಲ್ಲೇ ನಿಂತಿರುತ್ತದೆ, ಪೂರ್ತಿ ಈಚೆಗೆ ಬಂದಿರುವುದಿಲ್ಲ. ಒಮ್ಮೊಮ್ಮೆ ನೆಟ್ಟಗೆ ನಿಂತು ಈಜುತ್ತದೆ ಕೂಡ. ಅದರ ಹೊಟ್ಟೆಯಲ್ಲಿ ಮೀನೇ ಇತ್ತು.

1971ರಲ್ಲೇ ಡಿ ಗ್ರೂಟ್ ಎಂಬ ಡಚ್ ವಿಜ್ಞಾನಿ ಚಪ್ಪಟೆ ಮೀನುಗಳನ್ನು ಹೀಗೆ ಬೇರ್ಪಡಿಸಿ ತೋರಿಸಿದ್ದಾರೆ: ಮೀನು ತಿನ್ನುವವು, ಸಿಗಡಿ-ಏಡಿಯಂಥವನ್ನು ತಿನ್ನುವವು, ಹುಳ-ಚಿಪ್ಪು ತಿನ್ನುವವು. ಬಾಯಿ, ಹೊಟ್ಟೆ, ಕರುಳು ಎಲ್ಲವೂ ಆಹಾರಕ್ಕೆ ತಕ್ಕ ಹಾಗೆ ಬೇರೆ. ಒಂದೇ ಕುಲದವರು ಅಂತ ಒಂದೇ ಬಟ್ಟಲಲ್ಲಿ ಉಣ್ಣುವುದಿಲ್ಲ.

ಆಫೀಸಿನ ಸರ್‌ಗೆ ಫೋಟೋ ಕಳಿಸಿದೆ. ನೆಟ್‌ವರ್ಕ್ ಇಲ್ಲದೆ ಅದು ಅರ್ಧಕ್ಕೇ ನಿಂತು, ಮತ್ತೆ ಕಳಿಸಿದೆ. ಸರ್ ಕೇಳಿದರು, "ಆ ದೊಡ್ಡ ಮೀನು ಬಲೆಯೊಳಗೆ ಸಿಕ್ಕಿದ ಮೇಲೆ ನುಂಗಿರಬಹುದಲ್ವಾ?" ಅದು ಸರಿಯಾದ ಪ್ರಶ್ನೆ. ಬಲೆಯ ತುದಿಯಲ್ಲಿ ಒತ್ತಿಕೊಂಡಾಗ ದೊಡ್ಡ ಬಾಯಿಯ ಮೀನು ಪಕ್ಕದ್ದನ್ನು ನುಂಗುವುದುಂಟು. ಹಾಗಾಗಿ ಗಂಟಲಲ್ಲಿ ಹಸಿಯಾಗಿ ಕಂಡದ್ದನ್ನು ನಾನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಇದರಲ್ಲಿ ಒಳಚೀಲದ ಮೀನು ಕರಗಿ, ಬೆನ್ನುಮೂಳೆ ಮಾತ್ರ ಗಟ್ಟಿಯಾಗಿ ಉಳಿದಿತ್ತು. ಬಲೆ ಎಳೆಯುವಷ್ಟು ಹೊತ್ತಿನಲ್ಲಿ ಹಾಗೆ ಆಗುವುದಿಲ್ಲ.

ತಂಡೇಲರನ್ನು ಕೇಳಿದಾಗ ವಿಷಯ ಇನ್ನೂ ಸ್ಪಷ್ಟವಾಯಿತು. ಒಂದು ಸಲ ಕೆಸರು ನೆಲದಲ್ಲಿ ಬಲೆ ಎಳೆದಿದ್ದರು, ಇನ್ನೊಂದು ಸಲ ಆಳಕ್ಕೆ ಹೋಗಿ ಮರಳು ನೆಲದಲ್ಲಿ. ನಂಗ್ ಮೊದಲನೆಯದರಲ್ಲಿ, ಉಳಿದೆರಡು ಹೆಚ್ಚಾಗಿ ಎರಡನೆಯದರಲ್ಲಿ. ನೆಲ ಬದಲಾದರೆ ಮೀನು ಬದಲಾಗುತ್ತದೆ ಎನ್ನುವುದು ಕಡಲಿಗೆ ಹೋಗುವವರಿಗೆ ಗೊತ್ತು, ಆಫೀಸಿನ ಫಾರ್ಮಿಗೆ ಗೊತ್ತಿಲ್ಲ.

ಇದು ಸುಮ್ನೆ ಹಟವಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ನಂಗ್ ಕರೆಗೆ, ಅಂದರೆ ದಡಕ್ಕೆ, ಹತ್ತಿರವಿರುತ್ತದೆ. ಎಲ್ಲವನ್ನೂ ನಂಗ್ ಎಂದು ಬರೆದರೆ ಆ ಬೋಟು ಇಡೀ ದಿನ ಕರೆಯ ಹತ್ತಿರವೇ ಬಲೆ ಎಳೆಯಿತು ಅನ್ನಿಸುತ್ತದೆ. ಕರೆಯ ಹತ್ತಿರದ ನೀರು ಸಣ್ಣ ದೋಣಿಯವರಿಗೆ ಮೀಸಲು. ಕೇರಳದ 1980ರ ಕಡಲ ಮೀನುಗಾರಿಕೆ ಕಾಯ್ದೆ ಬಂದದ್ದೇ ದೋಣಿಯವರಿಗೂ ಬೋಟಿನವರಿಗೂ ಇದ್ದ ಈ ಜಗಳಕ್ಕೆ. ತಪ್ಪು ಲೆಕ್ಕದಿಂದ ಬೋಟಿನವರ ಮೇಲೆ ಸುಳ್ಳು ಅನುಮಾನ ಬರಬಾರದು. ದೋಣಿಯವರ ನಂಗ್ ನಿಜವಾಗಿ ಕಡಿಮೆಯಾದ ವರ್ಷ, ಬೇರೆ ಮೀನು ಸೇರಿಸಿ ಹೆಚ್ಚಾದ ಹಾಗೆ ತೋರಿಸುವುದೂ ಅನ್ಯಾಯವೇ.

ಲೆಕ್ಕ ಬರೆಯುವ ಟ್ಯಾಬಿನಲ್ಲಿ ಇಂದಿಗೂ ಚಪ್ಪಟೆ ಮೀನಿಗೆ ಒಂದೇ ಕೋಡ್. ಒದ್ದೆ ಬೆರಳಿಗೆ ಆ ಸ್ಕ್ರೀನ್ ಕೆಲಸವೂ ಮಾಡುವುದಿಲ್ಲ. ಆ ದಿನ ಸರ್ ಕೊನೆಗೆ, "ರಿಮಾರ್ಕ್ಸಿನಲ್ಲಿ ಬರೆಯಿರಿ" ಎಂದರು. ಅಂದಿನಿಂದ ನಾನು ಪ್ರತಿ ಎಳೆತಕ್ಕೂ ನೆಲ ಯಾವುದು, ಬಗೆ ಯಾವುದು, ತೂಕ ಎಷ್ಟು ಎಂದು ಅಲ್ಲಿ ಬರೆಯುತ್ತಿದ್ದೇನೆ. ಹೊಸದಾಗಿ ಸೇರಿದವರಿಗೂ ಇದನ್ನೇ ಹೇಳುತ್ತೇನೆ: ಕಣ್ಣಿರುವ ಬದಿ ಮೇಲೆ, ಹೊಟ್ಟೆ ನಿಮ್ಮ ಕಡೆಗೆ ಬರುವಂತೆ ಹಿಡಿಯಿರಿ. ತಲೆ ಎಡಕ್ಕೆ ಬಂದರೆ ನಂಗ್ ಅಥವಾ ಫ್ಲೌಂಡರ್ ಇರಬಹುದು. ಆಯಿರಂಪಲ್ಲಿ ಎರಡೂ ಕಡೆಗೆ ಬರುತ್ತದೆ. ಹಾಗಾಗಿ ಬಾಯಿ ತೆರೆದು ನೋಡದೆ ಹೆಸರು ಬರೆಯಬೇಡಿ. ಕೋಡ್ ಬೇರೆ ಮಾಡಿ ಎಂಬ ನನ್ನ ಅರ್ಜಿ ಇನ್ನೂ ಆಫೀಸಿನಲ್ಲೇ ಇದೆ. ಮುಂದಿನ ನಿಷೇಧ ಮುಗಿದು ಬೋಟುಗಳು ಇಳಿಯುವ ಮೊದಲು ಅದಕ್ಕೆ ಉತ್ತರ ಬರಲೇಬೇಕು.