ಮಂಗಳ ಹಾಡಿದ ಮೇಲೆ ಬೀಳುವ ಕಂಪ್ಯೂಟರ್

ಒಂದು ಡೆಸ್ಕ್‌ಟಾಪ್ ರಿಪೇರಿಗೆ ಅಂತ ಹಿತ್ತಿಲಲ್ಲಿ ಆಳುದ್ದ ಗುಂಡಿ ತೋಡಿದವ ಶಿರಸಿ ಸೀಮೆಯಲ್ಲಿ ನಾನೊಬ್ಬನೇ ಇರಬೇಕು. ಅರ್ಥಿಂಗ್ ಸರಿಮಾಡಲು ಜಿಐ ಪೈಪು ಇಳಿಸಿ, ಸುತ್ತ ಇದ್ದಿಲು-ಉಪ್ಪು ತುಂಬಿ, ಜಿಟಿಜಿಟಿ ಮಳೆಯಲ್ಲಿ ನೆನೆಯುತ್ತಲೇ ಮಣ್ಣು ಮುಚ್ಚಿ ಒಳಗೆ ಬಂದೆ. ಮೊದಲು ನ್ಯೂಟ್ರಲ್‌ಗೂ ಅರ್ಥಿಂಗ್‌ಗೂ ನಡುವೆ 14 ವೋಲ್ಟ್ ತೋರಿಸುತ್ತಿದ್ದ ಮಲ್ಟಿಮೀಟರ್ ಈಗ 2 ಅಂತು. ಗೆದ್ದೆ ಅಂದುಕೊಂಡು ಚಾ ಕುಡಿಯಲು ಕೂತೆ. ಲೋಟ ಅರ್ಧ ಖಾಲಿಯಾಗಿರಲಿಲ್ಲ, ಕೋಣೆಯಿಂದ ಆ ಪರಿಚಿತ 'ಟಿಕ್'. ಹಿಂದೆಯೇ ಫ್ಯಾನು ಒಮ್ಮೆ ಭರ್ರೆಂದು ಬೀಸಿ ಇಳಿಯುವ ಸದ್ದು.

"ಮತ್ತೆ ಹೋತನಾ?" ಅಂತ ಆಯಿ ಅಡುಗೆಮನೆಯಿಂದಲೇ ಕೇಳಿದಳು.

"ಹೋತು."

ಯಂತ್ರದ ಜಾತಕ ಇಷ್ಟು. ಆರು ಕೋರಿನ ರೈಜನ್ 5 5600 ಪ್ರೊಸೆಸರ್, ಬಿ550 ಬೋರ್ಡು, 3200ರ ಡಿಡಿಆರ್4 ಎರಡು ಕಡ್ಡಿ ಸೇರಿ 32 ಜಿಬಿ, ಯಂತ್ರದೊಳಗೆ ಕರೆಂಟು ಹಂಚುವ 550 ವ್ಯಾಟಿನ ಎಸ್‌ಎಂಪಿಎಸ್, ಮೂರು ವರ್ಷ ಹಳೆಯ ಗ್ರಾಫಿಕ್ಸ್ ಕಾರ್ಡು. ಕೆಲಸವೂ ಒಂದೇ. ಸುತ್ತಮುತ್ತಲ ಯಕ್ಷಗಾನಗಳನ್ನು ಇಡೀ ರಾತ್ರಿ ಚಿತ್ರೀಕರಿಸಿ ತಂದದ್ದನ್ನು ಕತ್ತರಿಸಿ, ಚಿಕ್ಕ ಫೈಲಾಗುವಂತೆ ಎನ್‌ಕೋಡ್ ಮಾಡಿ ಇಡುವುದು. ಏಳೆಂಟು ತಾಸಿನ ಆಟ, ಅದಕ್ಕೆ ತಕ್ಕ ಎನ್‌ಕೋಡಿಂಗ್. ಆರೂ ಕೋರ್ ನೂರಕ್ಕೆ ನೂರು ದುಡಿಯುತ್ತವೆ, ಕೋಣೆ ಬಚ್ಚಲೊಲೆಯ ಹಾಗೆ ಕಾಯುತ್ತದೆ, ಆದರೆ ಕೆಲಸ ನಡೆಯುವಾಗ ಒಂದು ದಿನವೂ ಯಂತ್ರ ಕೈಕೊಟ್ಟದ್ದಿಲ್ಲ.

ಕೈಕೊಡುವುದು ಕೆಲಸ ಮುಗಿದ ಮೇಲೆ. ಎನ್‌ಕೋಡ್ ಮುಗಿಯಿತು, ಫೈಲು ಸೇವ್ ಆಯಿತು, ಡೆಸ್ಕ್‌ಟಾಪ್ ಖಾಲಿ ಇದೆ, ನಾನು ಎದ್ದು ಹೋಗಿದ್ದೇನೆ, ಟಿಕ್. ಬ್ಲೂ ಸ್ಕ್ರೀನ್ ಇಲ್ಲ, ಎಚ್ಚರಿಕೆ ಇಲ್ಲ, ನೇರ ರೀಸ್ಟಾರ್ಟ್. ಬೆಳಗಿನ ತನಕ ಕುಣಿದು, ಮಂಗಳ ಹಾಡಿದ ಮೇಲೆ ಚೌಕಿಗೆ ಬಂದು ಕಿರೀಟ ಬಿಚ್ಚುವಾಗ ದೊಪ್ಪನೆ ಬೀಳುವ ವೇಷಧಾರಿಯ ಹಾಗೆ. ಪ್ರೊಸೆಸರನ್ನು ಪೂರ್ತಿ ದುಡಿಸಿ ಪರೀಕ್ಷಿಸುವ ಪ್ರೈಮ್95 ಹಾಕಿ ಎಂಟು ತಾಸು ಬಿಟ್ಟರೂ ಅಲುಗಾಡದ ಯಂತ್ರ, ನೋಟ್‌ಪ್ಯಾಡ್ ತೆರೆದಿಟ್ಟು ಜಗಲಿಗೆ ಹೋದರೆ ಸಾಯುತ್ತದೆ.

ಶುರುವಾದದ್ದು ಜೂನಿನಲ್ಲಿ. ಜೂನಿನಲ್ಲಿ ಶಿರಸಿಯಲ್ಲಿ ಏನು ಕೆಟ್ಟರೂ ಕಾರಣ ಒಂದೇ: ಮಳೆ. ಮೇಜಿನ ಡ್ರಾಯರ್ ಉಬ್ಬಿ ಎಳೆದರೆ ಬರುವುದಿಲ್ಲ, ಚಪ್ಪಲಿಗೆ ಬೂಸಲು ಬಂದಿದೆ, ಹಾಗಿರುವಾಗ ರ್‍ಯಾಮ್ ಸ್ಲಾಟಿನೊಳಗೆ ಏನಾಗಿರಬೇಡ? ಅಲ್ಲಿಂದ ನನ್ನ ಮೆರವಣಿಗೆ ಹೊರಟಿತು. ಕಡ್ಡಿಗಳನ್ನು ತೆಗೆದು ಅಣ್ಣನ ಮಗಳ ರಬ್ಬರ್‌ನಿಂದ ಉಜ್ಜಿದೆ, ಐಸೊಪ್ರೊಪೈಲ್‌ನಲ್ಲಿ ಒರೆಸಿದೆ. (ರಬ್ಬರ್ ಇನ್ನೂ ವಾಪಸ್ ಕೊಟ್ಟಿಲ್ಲ, ದಿನಾ ಕೇಳುತ್ತಾಳೆ.) ಬೋರ್ಡಿನ ಹಿಂದೆ ಇರುವೆಗಳ ಒಂದು ಸಂಸಾರ ಮೊಟ್ಟೆ ಸಮೇತ ಇತ್ತು, ಅವನ್ನು ಒಕ್ಕಲೆಬ್ಬಿಸಿದೆ. ಮೆಮ್‌ಟೆಸ್ಟ್ ಇಡೀ ರಾತ್ರಿ ಓಡಿ ನಾಲ್ಕು ಪಾಸ್ ಮುಗಿಸಿತು, ತಪ್ಪು ಸೊನ್ನೆ. ಆದರೂ ನಂಬಿಕೆ ಬಾರದೆ ಹೊಸ ರ್‍ಯಾಮ್ ಜೋಡಿ ತರಿಸಿದೆ. ಅದನ್ನು ಹಾಕಿದ ಎರಡನೇ ದಿನ, ಟಿಕ್.

ಎಸ್‌ಎಂಪಿಎಸ್ ಕಥೆ ಬೇರೆಯೇ. ವಾರಂಟಿ ಇದೆಯಲ್ಲ ಅಂತ ಹುಬ್ಬಳ್ಳಿಗೆ ಹೊತ್ತುಕೊಂಡು ಹೋದೆ. ಹೋಗಿ-ಬರುವುದಕ್ಕೆ ಒಂದು ದಿನ ಪೂರ್ತಿ ಹೋಯಿತು. ಅಂಗಡಿಯವ ಡಬ್ಬಿಯನ್ನು ಕೌಂಟರಿನ ಮೇಲಿಟ್ಟು, ಹಸಿರು ವೈರಿಗೂ ಕಪ್ಪು ವೈರಿಗೂ ಒಂದು ಪಿನ್ನು ಸಿಕ್ಕಿಸಿದ. ಫ್ಯಾನು ತಿರುಗಿತು. "ಓಕೆ ಐತ್ರೀ ಸರ್, ನಿಮ್ ಕಡೆ ಕರೆಂಟಿಂದೇ ಪ್ರಾಬ್ಲಮ್ಮು." ಪರೀಕ್ಷೆ ಮುಗಿಯಿತು! ಭಾರವೇ ಇಲ್ಲದೆ ಫ್ಯಾನು ತಿರುಗಿದರೆ ಎಸ್‌ಎಂಪಿಎಸ್ ಸರಿ ಇದೆ ಅನ್ನುವುದು, ಎತ್ತು ಕೊಟ್ಟಿಗೆಯಲ್ಲಿ ಬಾಲ ಅಲ್ಲಾಡಿಸಿತು, ಗದ್ದೆ ಹೂಡುತ್ತದೆ ಅಂದ ಹಾಗೆ. ಮನೆಗೆ ಬಂದು ಭಾರ ಹಾಕಿ 12 ವೋಲ್ಟಿನ ಗೆರೆ ಅಳೆದೆ, 11.9 ಇತ್ತು. ಎಟಿಎಕ್ಸ್ ಅನ್ನುವ ಡೆಸ್ಕ್‌ಟಾಪ್ ಮಾನದಂಡದ ಲೆಕ್ಕದಲ್ಲಿ ಶೇಕಡಾ 5 ಆಚೀಚೆ, ಅಂದರೆ 11.4ರಿಂದ 12.6ರವರೆಗೆ ಮಾಫಿ. ನಿಜಕ್ಕೂ ಅದರಲ್ಲಿ ತಪ್ಪಿರಲಿಲ್ಲ. ಅಂಗಡಿಯವನ ಮಾತು ಸರಿ, ಪರೀಕ್ಷೆ ಮಾತ್ರ ತಪ್ಪು. ಅದೇ ಹೆಚ್ಚು ಸಿಟ್ಟು ಬರಿಸುವ ವಿಷಯ.

ಕರೆಂಟಿಂದೇ ಪ್ರಾಬ್ಲಮ್ಮು ಅಂದನಲ್ಲ, ಆ ಮಾತಿಗೇ ನಾನು ಗುಂಡಿ ತೋಡಿದ್ದು.

ಗುಂಡಿಯೂ ಕೈಕೊಟ್ಟ ರಾತ್ರಿ ಕುಮಟೆಯ ಭಾವನಿಗೆ ಫೋನ್ ಹಚ್ಚಿದೆ. ದೇವಿಮನೆ ಘಟ್ಟದ ಕೆಳಗೆ, ಉಪ್ಪುಗಾಳಿಯಲ್ಲಿ ನಾಲ್ಕು ಯಂತ್ರ ಸಾಕುತ್ತಿರುವ ಮನುಷ್ಯ. ತೇವದ ಬಗ್ಗೆ ನಾನು ಅವನಿಗೆ ಭಾಷಣ ಮಾಡುವುದೇ ತಪ್ಪು. ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಹಾಕಿದ: "ಇವೆಂಟ್ ವ್ಯೂವರ್ ನೋಡಿದ್ಯಾ?"

ವಿಂಡೋಸ್ ತನ್ನ ಆಗುಹೋಗು ಬರೆದಿಡುವ ದಾಖಲೆ ಪುಸ್ತಕ ಅದು. ನೋಡದೆ ಏನು? ಕರ್ನಲ್-ಪವರ್ 41, ಕರ್ನಲ್-ಪವರ್ 41, ಸಾಲಾಗಿ.

"ಅದಲ್ದಾ ಮಾರಾಯಾ. 41ರ ಅಕ್ಕಪಕ್ಕ?"

41 ಅನ್ನುವುದು ಮರಣದ ದಾಖಲೆ ಮಾತ್ರ, ಕಾರಣದ ಕಾಲಮ್ಮು ಖಾಲಿ. ಸರಿಯಾಗಿ ಶಟ್‌ಡೌನ್ ಆಗದೆ ಯಂತ್ರ ಮತ್ತೆ ಎದ್ದಿದೆ ಅಂತಷ್ಟೇ ಅದರ ಅರ್ಥ. ಪ್ಲಗ್ ಕಿತ್ತರೂ 41, ಪ್ರೊಸೆಸರ್ ಎಡವಿದರೂ 41. ನಾನು ಅದೊಂದನ್ನೇ ಹುಡುಕಿ, ಫಿಲ್ಟರ್ ಹಾಕಿ, ಉಳಿದದ್ದನ್ನೆಲ್ಲ ನಾನೇ ಮರೆಮಾಡಿಕೊಂಡು ಕೂತಿದ್ದೆ. ಫಿಲ್ಟರ್ ತೆಗೆದರೆ ಅಲ್ಲೇ ಇತ್ತು, ಹಾರ್ಡ್‌ವೇರಿನ ತಪ್ಪು ಬರೆದಿಡುವ ಡಬ್ಲ್ಯೂಎಚ್‌ಇಎ-ಲಾಗರ್, ಇವೆಂಟ್ 18. ಮಷಿನ್ ಚೆಕ್ ಎಕ್ಸೆಪ್ಶನ್, ಕ್ಯಾಶ್ ಹೈರಾರ್ಕಿ ಎರರ್, ಪ್ರೊಸೆಸರ್ ಎಪಿಐಸಿ ಐಡಿ 4, ಅಂದರೆ ತಪ್ಪು ಕಂಡ ಥ್ರೆಡ್ಡಿನ ಸಂಖ್ಯೆ.

ನೋಟ್‌ಬುಕ್ ತೆಗೆದು ಎಲ್ಲ ಸಾವುಗಳನ್ನೂ ಬರೆದೆ. ಒಟ್ಟು 23. ಹದಿನಾಲ್ಕರಲ್ಲಿ 18 ಇದೆ, ಉಳಿದ ಒಂಬತ್ತರಲ್ಲಿ 41 ಒಂದೇ. ಗಡಿಯಾರ ನೋಡಿದರೆ ಆ ಒಂಬತ್ತೂ ಸಂಜೆ ಆರೂವರೆಯಿಂದ ಎಂಟರ ಒಳಗೆ. ಹದಿನಾಲ್ಕಕ್ಕೆ ಹೊತ್ತುಗೊತ್ತಿಲ್ಲ. ರೋಗ ಒಂದಲ್ಲ, ಎರಡು! ಒಂದಕ್ಕೆ ಮದ್ದು ಕೊಟ್ಟಾಗ ಇನ್ನೊಂದು ಎದ್ದು ಬಂದು 'ಮದ್ದು ತಾಗಲಿಲ್ಲ' ಅನ್ನುತ್ತಿತ್ತು. ನಾನು ತಿಂಗಳಿಡೀ ಸುತ್ತಿದ್ದು ಇದರಿಂದಲೇ.

ಸಂಜೆಯದ್ದು ಸುಲಭ. ಇನ್ವರ್ಟರ್ ಬೆನ್ನಿಗೆ ಯುಪಿಎಸ್–ಇಕೋ ಅಂತ ಒಂದು ಸ್ವಿಚ್ ಇರುತ್ತದಲ್ಲ, ಅದು ಇಕೋ ಕಡೆಗಿತ್ತು. ಫೆಬ್ರವರಿಯಲ್ಲಿ ಬ್ಯಾಟರಿಗೆ ಡಿಸ್ಟಿಲ್ಡ್ ನೀರು ಹಾಕಲು ಬಂದ ಎಲೆಕ್ಟ್ರಿಷಿಯನ್ ಹಾಕಿಟ್ಟು ಹೋದದ್ದು. ಅವನದ್ದೂ ತಪ್ಪಲ್ಲ. ನಮ್ಮಲ್ಲಿ ಸಂಜೆ ವೋಲ್ಟೇಜು 170ರ ಆಸುಪಾಸಿಗೆ ಇಳಿಯುತ್ತದೆ, ಯುಪಿಎಸ್ ಮೋಡಿನಲ್ಲಿ ಇನ್ವರ್ಟರ್ 180ಕ್ಕೇ ಬ್ಯಾಟರಿಗೆ ಹಾರುತ್ತದೆ, ದಿನಾ ಹಾರಿದರೆ ಬ್ಯಾಟರಿ ಬಸವಳಿಯುತ್ತದೆ. ಆದರೆ ಇಕೋದಲ್ಲಿ ಹಾರುವ ವೇಗ ನಿಧಾನ. ಮೇನ್ಸ್ ಕಡಿದ ಮೇಲೆ ಎಸ್‌ಎಂಪಿಎಸ್ ತನ್ನ ಕೆಪ್ಯಾಸಿಟರ್ ಬಲದಲ್ಲಿ ಉಸಿರು ಹಿಡಿಯಬೇಕಾದ ಹೊತ್ತು ಪೂರ್ತಿ ಭಾರದಲ್ಲಿ 16–17 ಮಿಲಿಸೆಕೆಂಡು. ಫ್ಯಾನು, ಲೈಟಿಗೆ ಇಕೋ ಸಾಕು, ಡೆಸ್ಕ್‌ಟಾಪಿಗೆ ಸಾಲದು. ಸ್ವಿಚ್ ಯುಪಿಎಸ್ ಕಡೆ ತಿರುಗಿಸಿ ಮೇಲೆ ಟೇಪು ಅಂಟಿಸಿದೆ. ಬ್ಯಾಟರಿಯ ಆಯುಷ್ಯ ದೇವರಿಚ್ಛೆ. ಸಂಜೆಯ ಸಾವು ನಿಂತಿತು.

ಉಳಿದದ್ದು ಎಪಿಐಸಿ 4. ಹದಿನಾಲ್ಕರಲ್ಲಿ ಹನ್ನೊಂದು ಸಲ 4 ಅಥವಾ 5, ಮೂರು ಸಲ 0. ಸೊನ್ನೆಯಿಂದ ಎಣಿಸಿ, ಕೋರಿಗೆ ಎರಡು ಥ್ರೆಡ್ ಅಂತ ಲೆಕ್ಕ ಹಾಕಿದರೆ 4-5 ಎರಡನೇ ಕೋರು, 0 ಸೊನ್ನೆಯದ್ದು. ರ್‍ಯಾಮು ಕೆಟ್ಟಿದ್ದರೆ ತಪ್ಪು ಹೀಗೆ ಒಂದೇ ಕೋರಿನ ತಲೆಗೆ ಬಂದು ಕೂರುವುದಿಲ್ಲ. ಪ್ರೊಸೆಸರೇ ಹೋಯಿತು ಅಂತ ಎದೆ ಧಸಕ್ಕೆಂದಿತು. ಅದನ್ನು ವಾರಂಟಿಗೆ ಕಳಿಸುವ ಅರ್ಜಿ ತುಂಬಲು ಕೂತಾಗ 'ಓವರ್‌ಕ್ಲಾಕ್ ಮಾಡಿದ್ದೀರಾ' ಅಂತ ಒಂದು ಪ್ರಶ್ನೆ, ಕಂಪನಿ ಇಟ್ಟ ಮಿತಿ ಬದಲಿಸಿ ಓಡಿಸಿದ್ದೀರಾ ಅಂತ. ಇಲ್ಲ ಅಂತ ಗುರುತು ಹಾಕಲು ಹೋದವನ ಕೈ ನಿಂತಿತು.

ಏಪ್ರಿಲ್ ಸೆಖೆಯಲ್ಲಿ, ಫ್ಯಾನಿನ ಗದ್ದಲ ತಡೆಯದೆ, ಬಯಾಸಿನಲ್ಲಿ, ಅಂದರೆ ಬೋರ್ಡಿನ ಮೂಲ ಸೆಟ್ಟಿಂಗಿನಲ್ಲಿ, ಕೋರಿನ ವೋಲ್ಟೇಜು ತಗ್ಗಿಸುವ ಕರ್ವ್ ಆಪ್ಟಿಮೈಸರ್‌ನಲ್ಲಿ ಎಲ್ಲ ಕೋರಿಗೂ ಮೈನಸ್ 30 ಹಾಕಿದ್ದೆ. ಆರೇಳು ಡಿಗ್ರಿ ಇಳಿದಿತ್ತು, ಖುಷಿಪಟ್ಟಿದ್ದೆ, ಮರೆತಿದ್ದೆ.

'ಬಯಾಸ್ ಡಿಫಾಲ್ಟ್ ಮಾಡಿ ನೋಡಲಿಲ್ಲವಾ' ಅಂತ ಕೇಳುತ್ತೀರಿ. ಮಾಡಿದೆ ಸ್ವಾಮಿ, ಮೂರು ಸಲ. ಬಯಾಸಿನ ನೆನಪು ಅಳಿಸಲು ಸೀಮಾಸ್ ಸೆಲ್ಲನ್ನೂ ಕಿತ್ತೆ. ಆದರೆ ಪ್ರತಿ ಸಲವೂ, ರ್‍ಯಾಮ್ ವೇಗದ ಎಕ್ಸ್‌ಎಂಪಿ ಮತ್ತು ಫ್ಯಾನಿನ ಸೆಟ್ಟಿಂಗು ಮತ್ತೆ ಯಾರು ಹೊಡೆಯುತ್ತಾರೆ ಅಂತ, ಸೇವ್ ಮಾಡಿಟ್ಟ ಪ್ರೊಫೈಲನ್ನು ಲೋಡ್ ಮಾಡುತ್ತಿದ್ದೆ. ಪ್ರೊಫೈಲಿನ ಹೆಸರು 'ಬೇಸಿಗೆ'. ನಾನೇ ಇಟ್ಟ ಹೆಸರು. ಮೈನಸ್ 30 ಅದರೊಳಗೇ ಇತ್ತು. ಅದನ್ನು ಹೊರಗಟ್ಟಿ ಬಾಗಿಲು ಹಾಕಿ, ಕಿಟಕಿಯಿಂದ ನಾನೇ ಕೈಹಿಡಿದು ಒಳಗೆ ಕರೆದುಕೊಳ್ಳುತ್ತಿದ್ದೆ.

ಮೈನಸ್ 30 ಅಂದರೆ ಒಂದು ಎಣಿಕೆಗೆ 3ರಿಂದ 5 ಮಿಲಿವೋಲ್ಟು, ಒಟ್ಟು 90ರಿಂದ 150ರಷ್ಟು ಕಡಿತ. ಆರೂ ಕೋರು ಒಟ್ಟಿಗೆ ದುಡಿಯುವಾಗ ಯಾವ ಕೋರಿಗೂ ಶಿಖರದ ಗತಿಗೆ ಏರುವ ಅವಕಾಶ ಸಿಗುವುದಿಲ್ಲ, 76 ವ್ಯಾಟಿನ ಮಿತಿಯಲ್ಲೇ ಹಂಚಿಕೊಂಡು ತಿನ್ನಬೇಕು. ಆ ತಗ್ಗಿದ ಗತಿಗೆ ಕಡಿತದ ವೋಲ್ಟೇಜೂ ಸಾಕಾಗುತ್ತದೆ. ಯಂತ್ರ ಸುಮ್ಮನೆ ಕೂತಾಗ ಎಲ್ಲ ಮಲಗಿರುತ್ತವೆ. ಹಿನ್ನೆಲೆಯಲ್ಲಿ ಯಾವುದೋ ಚಿಲ್ಲರೆ ಕೆಲಸ ಬಂದು ಒಂದೇ ಕೋರನ್ನು ತಟ್ಟಿ ಎಬ್ಬಿಸಿದರೆ ಅದು ಎದ್ದವನೇ 4.4 ಗಿಗಾಹರ್ಟ್ಸಿಗೆ ಜಿಗಿಯುತ್ತದೆ. ಆ ಜಿಗಿತಕ್ಕೆ ಬೇಕಾದ ವೋಲ್ಟೇಜು ಇಲ್ಲ. ಟಿಕ್.

ಮತ್ತೆ ಮಳೆ? ಏಪ್ರಿಲ್-ಮೇ ತಿಂಗಳಲ್ಲಿ ದಿನಕ್ಕೊಂದು ಆಟ, ಯಂತ್ರಕ್ಕೆ ಹಗಲೂ ರಾತ್ರಿ ಎನ್‌ಕೋಡಿಂಗ್, ಸುಮ್ಮನೆ ಕೂರಲು ಪುರುಸೊತ್ತೇ ಇರಲಿಲ್ಲ. ಮಳೆ ಹಿಡಿಯಿತು, ಬಯಲಾಟ ನಿಂತವು, ಯಂತ್ರಕ್ಕೆ ಬಿಡುವು ಸಿಕ್ಕಿತು. ಬಿಡುವೇ ರೋಗ. ಇದನ್ನು ಹೇಳಿದಾಗ ಆಯಿ ಏನೂ ಆಶ್ಚರ್ಯಪಡಲಿಲ್ಲ. "ಆನು ಅವತ್ತೇ ಹೇಳಿದ್ನಲಾ, ಅದ್ಕೆ ಕೆಲ್ಸ ಕೊಡು ಅಂತ" ಅಂದಳು. ನಿಜ, ಹೇಳಿದ್ದಳು. ನನಗೆ ಹೇಳಿದ್ದು ಅಂದುಕೊಂಡಿದ್ದೆ.

ಸರಿಮಾಡುವಾಗ ಎಲ್ಲವನ್ನೂ ಸೊನ್ನೆಗೆ ತಂದು ಕೈತೊಳೆದುಕೊಳ್ಳಬಹುದಿತ್ತು. ಆದರೆ ಆರೇಳು ಡಿಗ್ರಿಯ ರುಚಿ ಹತ್ತಿದೆ. ಕೋರ್‌ಸೈಕ್ಲರ್ ಇಳಿಸಿದೆ. ಅದು ಪ್ರೈಮ್95ನ್ನು ಒಂದು ಸಲಕ್ಕೆ ಒಂದೇ ಕೋರಿಗೆ ಕಟ್ಟುತ್ತದೆ, ಆ ಕೋರು ತುದಿಗೆ ಏರಿ ಅಲ್ಲೇ ಬೆವರಬೇಕು. ಮೈನಸ್ 30ರಲ್ಲಿ ಎರಡನೇ ಕೋರು ನಾಲ್ಕು ನಿಮಿಷ ಬಾಳಲಿಲ್ಲ. ತಿಂಗಳಿಡೀ ಕಾಡಿದ ಭೂತ ನಾಲ್ಕು ನಿಮಿಷಕ್ಕೆ ಕೈಗೆ ಸಿಕ್ಕಿತು! ತಮಾಷೆ ಏನೆಂದರೆ ಇದೇ ಕೋರಿಗೆ ಕಂಪನಿಯದೇ ತಂತ್ರಾಂಶ ರೈಜನ್ ಮಾಸ್ಟರ್ ನಕ್ಷತ್ರ ಕೊಟ್ಟಿದೆ, ಆರರಲ್ಲಿ ಅತ್ಯುತ್ತಮ ಅಂತ. ಅತ್ಯುತ್ತಮ ಕೋರಿಗೆ ಕಂಪನಿಯವರೇ ವೋಲ್ಟೇಜು ಬಿಗಿಯಾಗಿ ಅಳೆದಿಟ್ಟಿರುತ್ತಾರೆ, ನಾವು ಕದಿಯಲು ಅಲ್ಲಿ ಏನೂ ಉಳಿದಿರುವುದಿಲ್ಲ. ದಡ್ಡ ಕೋರುಗಳ ಹತ್ತಿರವೇ ಮಿಗತೆ ಇರುವುದು.

ಒಂದೊಂದು ರಾತ್ರಿ ಒಂದೊಂದು ಬದಲಾವಣೆ. ಕಾಯುವ ಹೊತ್ತಿಗೆ ಕೈ ಸುಮ್ಮನಿರದೆ ಮುಂದಿನ ಕೆಲಸಕ್ಕೆ ಬೆಸುಗೆ ಶುರುಮಾಡಿದೆ: ಮಳೆಮಾಪಕ. ಅಪ್ಪ ದಿನಾ ಬೆಳಿಗ್ಗೆ ಡಬ್ಬಿಯ ನೀರು ಅಳೆದು ಇಂಚಿನಲ್ಲಿ ಪಟ್ಟಿ ಬರೆಯುತ್ತಾನೆ, ಅಡಿಕೆ ಮರ ಹತ್ತುವ ಕೊನೆಗೌಡ ಬೋರ್ಡೋ ಮದ್ದು ಹೊಡೆಯಲು ಯಾವಾಗ ಬರಬೇಕು ಅನ್ನುವ ಚರ್ಚೆಗೆ ಆ ಪಟ್ಟಿಯೇ ಆಧಾರ. ನನ್ನದು ತೊಟ್ಟಿಲ ಹಾಗೆ ವಾಲುವ ಎರಡು ಪುಟ್ಟ ಬಟ್ಟಲು, ಒಂದು ಆಯಸ್ಕಾಂತ, ಅದು ಹತ್ತಿರ ಬಂದರೆ ಕೂಡುವ ರೀಡ್ ಸ್ವಿಚ್, ಲೆಕ್ಕ ಇಡುವ ಪುಟ್ಟ ಕಂಟ್ರೋಲರ್ ಇಎಸ್‌ಪಿ32. ಒಂದು ವಾಲಿಗೆ 0.2 ಮಿಲಿಮೀಟರ್, ಅಂದರೆ ಇಂಚಿಗೆ 127 ವಾಲು. ಸದ್ಯಕ್ಕೆ ರೀಡ್ ಸ್ವಿಚ್ ಒಂದು ವಾಲಿಗೆ ಮೂರು ಸಲ ಲೆಕ್ಕ ಕೊಡುತ್ತಿದೆ, ಅದರ ಪ್ರಕಾರ ನಮ್ಮ ತೋಟ ಈಗ ಮುಳುಗಿರಬೇಕು. ಮಳೆ ನಿಲ್ಲುವ ಮೊದಲು ಮುಗಿಸಬೇಕು, ಇಲ್ಲದಿದ್ದರೆ ಪರೀಕ್ಷೆಗೆ ಕೊಡಪಾನ ಹಿಡಿದು ಮಾಡು ಹತ್ತಬೇಕಾಗುತ್ತದೆ.

ಇವತ್ತಿನ ಸ್ಥಿತಿ: ನಾಲ್ಕು ದಡ್ಡ ಕೋರುಗಳು ಮೈನಸ್ 25, ಸೊನ್ನೆಯದು ಮೈನಸ್ 15, ನಕ್ಷತ್ರದವ ಮೈನಸ್ 5. ಒಂಬತ್ತು ದಿನ ಆಯಿತು, ಇವೆಂಟ್ 18 ಒಂದೂ ಇಲ್ಲ. ಅದರಲ್ಲಿ ನಾಲ್ಕು ದಿನ ಬೇಕೆಂದೇ ಏನೂ ಕೆಲಸ ಕೊಡದೆ ಕೂರಿಸಿದ್ದೆ. 'ಬೇಸಿಗೆ' ಪ್ರೊಫೈಲ್ ಅಳಿಸಿದ್ದೇನೆ.

ದಂಡಕ್ಕೆ ತಂದ ಆ ಹೊಸ ರ್‍ಯಾಮ್ ಜೋಡಿ ಉಳಿದಿದೆ, ಡಿಡಿಆರ್4 3200, 16 ಜಿಬಿಯ ಎರಡು ಕಡ್ಡಿ. ಸೀಲ್ ಒಡೆದದ್ದನ್ನು ವಾಪಸ್ ತೆಗೆದುಕೊಳ್ಳುವುದಿಲ್ಲವಂತೆ. ಸಿದ್ದಾಪುರ, ಯಲ್ಲಾಪುರ, ಕುಮಟೆ ಕಡೆ ಯಾರಿಗಾದರೂ ಬೇಕಿದ್ದರೆ ಕೊಂಡ ಬೆಲೆಗಿಂತ ಐನೂರು ಕಡಿಮೆಗೆ ಕೊಡುತ್ತೇನೆ. ಕೊರಿಯರ್ ಬೇಡ, ಬೆಳಗಿನ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸುತ್ತೇನೆ, ಸ್ಟ್ಯಾಂಡಿನಲ್ಲಿ ನಿಂತು ಇಸಿದುಕೊಳ್ಳಿ.