22.5 ವೋಲ್ಟ್ ಬ್ಯಾಟರಿ ಸಿಗದೆ ಕೂತಿದ್ದ ಫ್ಲ್ಯಾಶ್

2025 ಮಾರ್ಚ್ 9, ಭಾನುವಾರ

ಇವತ್ತು ಸಂಜೆ ಆರೂವರೆಗೆ ಬಲ್ಬ್ ಹೊತ್ತಿಕೊಂಡಿತು. ಒಂದೇ ಸಲ, ಕಣ್ಣು ಮಿಟುಕಿಸುವಷ್ಟರಲ್ಲಿ. ಆ ಒಂದು ಬೆಳಕಿಗಾಗಿ ಮೂರು ವಾರದಿಂದ ಬಿಡುವಾದಾಗಲೆಲ್ಲ ಮೇಜಿನ ಮುಂದೆ ಕೂತಿದ್ದೇನೆ.

ದೊಡ್ಡಪ್ಪ ಕೊಟ್ಟ ಕ್ಯಾಮೆರಾ ಪೆಟ್ಟಿಗೆಯಲ್ಲಿ ಎರಡು ಫ್ಲ್ಯಾಶ್ ಇದ್ದವು. ಒಂದು, ಒಂದೇ ಸಲ ಹೊತ್ತಿ ಮುಗಿದುಹೋಗುವ ಬಲ್ಬ್ ಹಾಕುವ ಪುಟ್ಟ ಗನ್. ಅದರ ರಿಫ್ಲೆಕ್ಟರ್ ಬೀಸಣಿಗೆಯ ಹಾಗೆ ಬಿಚ್ಚಿಕೊಳ್ಳುತ್ತೆ. ಇನ್ನೊಂದು, ವಿವಿಟಾರ್ 283. ನಾಲ್ಕು ಎಎ ಸೆಲ್ ಹಾಕುವ, 1970ರ ದಶಕದ ಎಲೆಕ್ಟ್ರಾನಿಕ್ ಫ್ಲ್ಯಾಶ್. "ಚಿಕ್ಕದು ಬಿಟ್ಬಿಡು. ಅದರ ಬ್ಯಾಟರಿ ಬರೋದು ನಿಂತೋಯ್ತು ಕಣೋ" ಅಂದಿದ್ದರು. ನನಗೆ ಬಿಡೋಕೆ ಮನಸ್ಸು ಬರಲಿಲ್ಲ.

ಗನ್ನಿನ ಒಳಗೆ 22.5 ವೋಲ್ಟ್ ಅಂತ ಬರೆದಿದೆ. ಹಿಂದೆ ಇದಕ್ಕೆ 412 ಅನ್ನೋ ನಂಬರಿನ ಚಪ್ಪಟೆ ಬ್ಯಾಟರಿ ಬರ್ತಿತ್ತು. ಬೆಂಕಿಪೊಟ್ಟಣದ ಗಾತ್ರ. ಒಳಗೆ ಒಂದೂವರೆ ವೋಲ್ಟಿನ 15 ತೆಳು ಸೆಲ್‌ಗಳು ಒಂದರ ಮೇಲೊಂದು ಕೂತಿರುತ್ತಿದ್ದವು. ಈಗಲೂ ಅದನ್ನು ಮಾಡುವವರಿದ್ದಾರೆ, ಆದರೆ ಹುಡುಕಿದ ಕಡೆಯೆಲ್ಲ ಸಿಗುವ ವಸ್ತು ಅಲ್ಲ.

ಇಲ್ಲಿ ನಾನು ಮೊದಲು ತಪ್ಪು ಯೋಚನೆ ಮಾಡಿದೆ. ಬಲ್ಬ್ ಸುಡಬೇಕು ಅಂದ್ರೆ ಬ್ಯಾಟರಿ ಒಂದೇ ಏಟಿಗೆ ಜಾಸ್ತಿ ಕರೆಂಟ್ ಕೊಡಬೇಕು ಅಂದುಕೊಂಡಿದ್ದೆ. ಗನ್ನಿನ ಹಿಂದಿನ ಮುಚ್ಚಳ ತೆಗೆದು ತಂತಿಗಳ ಜಾಡು ಹಿಡಿದು ಹೋದಾಗ ವಿಷಯ ಬೇರೆ ಅಂತ ಗೊತ್ತಾಯಿತು. ಬ್ಯಾಟರಿ ಬಲ್ಬನ್ನು ಸುಡೋದೇ ಇಲ್ಲ. ಅದು ಕರೆಂಟ್ ತಡೆಯುವ ಒಂದು ರೆಸಿಸ್ಟರ್ ಮೂಲಕ, ವಿದ್ಯುತ್ತನ್ನು ಕೂಡಿಟ್ಟುಕೊಳ್ಳುವ ಕೆಪಾಸಿಟರನ್ನು ನಿಧಾನವಾಗಿ ತುಂಬುತ್ತೆ, ಅಷ್ಟೇ. ಬಿಂದಿಗೆಗೆ ಹನಿ ಹನಿಯಾಗಿ ನೀರು ತುಂಬಿಸಿದ ಹಾಗೆ. ಶಟರ್ ತೆರೆದಾಗ ಬಿಂದಿಗೆ ಒಮ್ಮೆಲೇ ಮಗುಚಿಕೊಳ್ಳುತ್ತೆ, ಬಲ್ಬ್ ಹೊತ್ತುತ್ತೆ. ಅಂದ್ರೆ ಬ್ಯಾಟರಿಗೆ ವೋಲ್ಟೇಜ್ ಇರಬೇಕು. ಶಕ್ತಿ ಜಾಸ್ತಿ ಬೇಕಾಗಿಲ್ಲ. ಕೆಲವು ಮಿಲಿಆಂಪ್ ಸಾಕು.

ಹಾಗಾದ್ರೆ ಸಣ್ಣ ಸೆಲ್‌ಗಳೇ ಆಗುತ್ತವೆ ಅಲ್ವಾ? ಎ23 ಅಂತ 12 ವೋಲ್ಟಿನ ಗಿಡ್ಡ ಸೆಲ್ ಬರುತ್ತೆ, ಗೇಟಿನ ರಿಮೋಟಿಗೆ ಹಾಕೋದು. ಅದರ ಹೊರಗಿನ ಸಿಪ್ಪೆ ಬಿಡಿಸಿದರೆ ಒಳಗೆ ಎಂಟು ಪುಟ್ಟ ಬಟನ್ ಸೆಲ್‌ಗಳು ಸಾಲಾಗಿ ಕೂತಿರುತ್ತವೆ. ಎರಡು ಎ23 ಸೇರಿಸಿದರೆ 24 ವೋಲ್ಟ್. ಅಕ್ಕಪಕ್ಕ ಇಟ್ಟರೂ 412ರ ಜಾಗದಲ್ಲಿ ಆರಾಮಾಗಿ ಕೂರುತ್ತವೆ. ಒಂದೂವರೆ ವೋಲ್ಟ್ ಜಾಸ್ತಿ ಆಯಿತು, ನಿಜ. ಕೆಪಾಸಿಟರ್ ಎಷ್ಟು ತಡೆಯುತ್ತೆ ಅಂತ ಅದರ ಮೈಮೇಲೇ ಬರೆದಿರುತ್ತೆ, ಅದನ್ನು ನೋಡಿಕೊಂಡೇ ಮುಂದುವರಿಯಬೇಕು. 15 ವೋಲ್ಟ್ ಗನ್ ಇರೋರಿಗೆ ಇನ್ನೂ ಸುಲಭ: ಎಲ್‌ಆರ್44 ಬಟನ್ ಸೆಲ್ ಹತ್ತು ಜೋಡಿಸಿದರೆ ಸರಿಯಾಗಿ 15 ಆಗುತ್ತೆ.

ಹಳೇ ಬ್ಯಾಟರಿಯ ಅಳತೆಗೆ ಒಂದು ಮರದ ತುಂಡು ಕತ್ತರಿಸಿದೆ. ಅದರಲ್ಲಿ ಎರಡು ಗುಂಡಿ ಕೊರೆದೆ. ಎರಡೂ ತುದಿಗೆ ಹಿತ್ತಾಳೆ ತಗಡು ಬಡಿದು, ಗನ್ನಿನ ಸ್ಪ್ರಿಂಗಿಗೆ ತಾಗುವ ಹಾಗೆ ಬಗ್ಗಿಸಿದೆ. ಪ್ಲಸ್ ಯಾವ ಕಡೆ ಅಂತ ಮರದ ಮೇಲೆ ಕೆಂಪು ಶಾಯಿಯಲ್ಲಿ ಗುರುತು ಹಾಕಿದೆ. ಉಲ್ಟಾ ಹಾಕಿದರೆ ಕೆಪಾಸಿಟರ್ ಹಾಳಾಗುತ್ತೆ. ಗನ್ನಿನ ಸಂಪರ್ಕಗಳಲ್ಲಿ ಹಸಿರು ಕಿಲುಬು ಹಿಡಿದಿತ್ತು. ಹತ್ತಿಕಡ್ಡಿಯಲ್ಲಿ ವಿನೆಗರ್ ಅದ್ದಿ ಒರೆಸಿ, ಆಮೇಲೆ ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜಿದೆ. ಹಿತ್ತಾಳೆಯ ಹಳದಿ ಬಣ್ಣ ಮೆಲ್ಲಗೆ ಹೊರಗೆ ಬಂತು.

ಹಳೇ ಕೆಪಾಸಿಟರ್ ಒಣಗಿಹೋಗಿತ್ತು. ಅದನ್ನು ತೆಗೆದು 100 ಮೈಕ್ರೋಫ್ಯಾರಡಿನ, 35 ವೋಲ್ಟ್ ತಡೆಯುವ ಹೊಸದನ್ನು ಬೆಸುಗೆ ಹಾಕಿದೆ. ನಿನ್ನೆ ಪರೀಕ್ಷೆ. ಬಲ್ಬ್ ಮುಗಿದರೆ ಮತ್ತೆ ಸಿಗೋದು ಕಷ್ಟ, ಅದಕ್ಕೆ ಬಲ್ಬಿನ ಜಾಗದಲ್ಲಿ ಒಂದು ಕಿಲೋಓಮ್ ರೆಸಿಸ್ಟರ್ ಸಿಕ್ಕಿಸಿದೆ. ಕೆಪಾಸಿಟರಿನ ಮೇಲೆ ಮೀಟರ್ ಹಿಡಿದೆ. 24 ದಾಟಿ ನಿಂತಿತು. ಗನ್ನನ್ನು ಕ್ಯಾಮೆರಾಗೆ ಜೋಡಿಸುವ ಸಿಂಕ್ ತಂತಿಯ ತುದಿಗಳನ್ನು ಒಂದಕ್ಕೊಂದು ಮುಟ್ಟಿಸಿದ ಕೂಡಲೇ ಸೊನ್ನೆಗೆ ಬಿತ್ತು. ಮತ್ತೆ ಬಿಟ್ಟೆ, ಮತ್ತೆ ಏರಿತು. ಹತ್ತು ಸಲ ಹೀಗೇ ಮಾಡಿದೆ. ಮೊದಲ ಸಲಕ್ಕೇ ನಂಬಿಕೆ ಬಂದಿತ್ತು, ಉಳಿದ ಒಂಬತ್ತು ಖುಷಿಗೆ.

ವಿವಿಟಾರಿನ ಕಥೆ ಇದಕ್ಕೆ ಪೂರ್ತಿ ಉಲ್ಟಾ. ಅದಕ್ಕೆ ವೋಲ್ಟೇಜ್ ಕಡಿಮೆ ಸಾಕು, ಕರೆಂಟ್ ಮಾತ್ರ ಗಟಗಟ ಕುಡಿಯುತ್ತೆ. ಸೆಲ್‌ಗಳ ಆರು ವೋಲ್ಟನ್ನು ಒಳಗಿನ ಸರ್ಕ್ಯೂಟ್ 300ರ ಮೇಲಕ್ಕೆ ಏರಿಸುತ್ತೆ. ಆನ್ ಮಾಡಿದಾಗ ಕೇಳುವ ಆ ಸಣ್ಣ ಕುಂಯ್ ಸದ್ದು ಅದೇ. ಎನ್‌ಐಎಂಎಚ್ ರೀಚಾರ್ಜ್ ಸೆಲ್ ಒಂದೊಂದೂ 1.2 ವೋಲ್ಟ್, ನಾಲ್ಕೂ ಸೇರಿ 4.8. ಲೆಕ್ಕದಲ್ಲಿ ಕಡಿಮೆ. ಆದರೂ ಆಲ್ಕಲೈನ್ ಸೆಲ್ಲಿಗಿಂತ ಇದರಲ್ಲಿ ಫ್ಲ್ಯಾಶ್ ಬೇಗ ತುಂಬುತ್ತೆ, ಯಾಕೆಂದರೆ ಈ ಸೆಲ್ಲಿನ ಒಳಗಿನ ತಡೆ ಕಡಿಮೆ. ಕೇಳಿದಷ್ಟು ಕರೆಂಟನ್ನು ಕೇಳಿದಾಗಲೇ ಕೊಡುತ್ತೆ. ಗಡಿಯಾರ ಹಿಡಿದು ನೋಡಿದೆ: ಆಲ್ಕಲೈನಿನಲ್ಲಿ 11 ಸೆಕೆಂಡ್, ಇದರಲ್ಲಿ 8. ಬೇಗ ತುಂಬುತ್ತೆ ಅಂತ ಪಟಪಟ ಹೊಡೆಯುತ್ತಾ ಹೋದರೆ ಹಳೇ ಫ್ಲ್ಯಾಶ್ ಬಿಸಿಯಾಗುತ್ತೆ. ಹತ್ತು ಸಲ ಹೊಡೆದ ಮೇಲೆ ನಾನು ಸ್ವಲ್ಪ ಹೊತ್ತು ಸುಮ್ನೆ ಬಿಡ್ತೀನಿ.

ಒಂದು ಎಚ್ಚರಿಕೆ ಹೇಳಲೇಬೇಕು. 14500 ಅನ್ನೋ ಲಿಥಿಯಂ ಸೆಲ್ ನೋಡೋಕೆ ಥೇಟ್ ಎಎ ಹಾಗೇ ಇರುತ್ತೆ. ಆದರೆ ಒಂದೊಂದೂ 3.7 ವೋಲ್ಟ್. ನಾಲ್ಕು ಹಾಕಿದರೆ ಸುಮಾರು 15. ಹಳೇ ಫ್ಲ್ಯಾಶಿಗೆ ದಯವಿಟ್ಟು ಹಾಕಬೇಡಿ.

ವರ್ಷಗಟ್ಟಲೆ ಮಲಗಿದ್ದ ಫ್ಲ್ಯಾಶನ್ನು ನಿಧಾನವಾಗಿ ಎಬ್ಬಿಸಬೇಕು. ಕೆಪಾಸಿಟರಿನ ಒಳಗೆ ಅಲ್ಯೂಮಿನಿಯಂ ಹಾಳೆಯ ಮೇಲೆ ತೆಳುವಾದ ಆಕ್ಸೈಡ್ ಪದರ ಇರುತ್ತೆ. ಬಳಸದೆ ಬಿಟ್ಟರೆ ಅದು ಸವೆಯುತ್ತೆ, ಕರೆಂಟ್ ಸೋರುತ್ತೆ. ನಾನು ಮೊದಲು ವಿವಿಟಾರಿಗೆ ಅರ್ಧ ಮುಗಿದ ಸೆಲ್‌ಗಳನ್ನು ಹಾಕಿದೆ. ಫ್ಲ್ಯಾಶ್ ತುಂಬಿತು ಅಂತ ತೋರಿಸುವ ನಿಯಾನ್ ದೀಪ ಹೊತ್ತಲು ಹತ್ತಿರ ಒಂದು ನಿಮಿಷ ಬೇಕಾಯಿತು. ಹೊಡೆಯದೆ ಆಫ್ ಮಾಡಿದೆ. ಸ್ವಲ್ಪ ಬಿಟ್ಟು ಮತ್ತೆ ಆನ್. ಹೀಗೆ ಐದಾರು ಸಲ ಮಾಡುವಷ್ಟರಲ್ಲಿ ಪದರ ಮತ್ತೆ ಕಟ್ಟಿಕೊಂಡಿತು, ಸಮಯ ಇಳಿಯುತ್ತಾ ಬಂತು.

ಇದರ ಹೊಟ್ಟೆಗೆ ಮಾತ್ರ ನಾನು ಕೈ ಹಾಕಲಿಲ್ಲ. 1000 ಮೈಕ್ರೋಫ್ಯಾರಡಿನ ಕೆಪಾಸಿಟರ್ 330 ವೋಲ್ಟಿಗೆ ತುಂಬಿದ್ದರೆ ಅದರಲ್ಲಿ 54 ಜೌಲ್ ಕೂತಿರುತ್ತೆ. ಸೆಲ್ ತೆಗೆದು ಎಷ್ಟೋ ಹೊತ್ತಾದ ಮೇಲೂ ಶಾಕ್ ಹೊಡೆಯಬಹುದು. ಬಲ್ಬ್ ಗನ್ ಬಿಚ್ಚಿದ ಧೈರ್ಯದಲ್ಲಿ ಯಾರೂ ಇದನ್ನು ಬಿಚ್ಚಬಾರದು. ಇನ್ನು 510 ವೋಲ್ಟಿನ ಒಣ ಬ್ಯಾಟರಿ ಕೇಳುವ, ಸ್ಟ್ರೋಬೊನಾರ್ ಅನ್ನೋ ಹಳೇ ಫ್ಲ್ಯಾಶಿನ ಕೆಲವು ಮಾದರಿಗಳಿವೆ. ಅಷ್ಟು ವೋಲ್ಟೇಜನ್ನು ಸೆಲ್ ಜೋಡಿಸಿ ಮಾಡುವ ಕೆಲಸಕ್ಕೆ ನಾನಂತೂ ಹೋಗಲ್ಲ.

ಕ್ಯಾಮೆರಾದ ಮೇಲೆ ಸಿಕ್ಕಿಸುವ, ವಿವಿಟಾರಿನ ಬುಡದ ಶೂ ಮೇಲೂ ಮೀಟರ್ ಹಿಡಿದೆ: 214 ವೋಲ್ಟ್. ಹಳೇ ಕ್ಯಾಮೆರಾಗಳ ಒಳಗೆ ಎರಡು ಲೋಹದ ತುಂಡು ಒಂದಕ್ಕೊಂದು ತಾಗುತ್ತಿದ್ದವು, ಅವಕ್ಕೆ ಇದು ಲೆಕ್ಕಕ್ಕಿಲ್ಲ. ಡಿಜಿಟಲ್ ಕ್ಯಾಮೆರಾದ ಎಲೆಕ್ಟ್ರಾನಿಕ್ ಸ್ವಿಚ್ ಸುಟ್ಟುಹೋಗಬಹುದು. ಕೆಲವು ಮಾದರಿಗಳು ಆರು ವೋಲ್ಟಿಗಿಂತ ಜಾಸ್ತಿ ತಡೆಯಲ್ಲ. ಅದಕ್ಕೆ ಇದನ್ನು ಕ್ಯಾಮೆರಾದಿಂದ ದೂರ ಇಟ್ಟು, ಬೆಳಕು ಕಂಡರೆ ತಾನೂ ಹೊತ್ತುವ ಸ್ಲೇವ್ ಕಣ್ಣಿನಿಂದ ನಡೆಸುತ್ತಿದ್ದೇನೆ.

ಇವತ್ತು ಮಧ್ಯಾಹ್ನ ದೊಡ್ಡಪ್ಪ ಬಂದರು. ಪೆಟ್ಟಿಗೆಯಲ್ಲಿ 12 ಬಲ್ಬ್ ಉಳಿದಿದ್ದವು. "ಒಳಗಿನ ಚುಕ್ಕಿ ನೋಡು" ಅಂದರು. ಒಂದೊಂದನ್ನೇ ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆವು. ಒಂಬತ್ತರಲ್ಲಿ ಚುಕ್ಕಿ ನೀಲಿ. ಮೂರರಲ್ಲಿ ಗುಲಾಬಿ. ಗುಲಾಬಿ ಆಗಿದ್ದರೆ ಗಾಜು ಸೀಳಿ ಒಳಗೆ ಗಾಳಿ ಹೋಗಿದೆ ಅಂತ ಅರ್ಥ, ಹೊತ್ತಿಸಿದರೆ ಸಿಡಿಯಬಹುದು. ಮೂರನ್ನೂ ಪಕ್ಕಕ್ಕೆ ಇಟ್ಟೆವು.

ಅವರ ಹಳೇ ಕ್ಯಾಮೆರಾದಲ್ಲಿ ಎಕ್ಸ್ ಸಿಂಕ್, ಅಂದ್ರೆ ಶಟರ್ ಪೂರ್ತಿ ತೆರೆದಾಗ ಫ್ಲ್ಯಾಶ್ ಹೊತ್ತಿಸುವ ವ್ಯವಸ್ಥೆ. ಶಟರ್ 1/30 ಸೆಕೆಂಡ್. ಬಲ್ಬ್ ಪೂರ್ತಿ ಬೆಳಗೋಕೆ 10ರಿಂದ 20 ಮಿಲಿಸೆಕೆಂಡ್ ಬೇಕು, ಅಷ್ಟು ಹೊತ್ತು ಶಟರ್ ತೆರೆದಿರಬೇಕು. ಬಲ್ಬ್ ಹಾಕಿದ ಮೇಲೆ ಎರಡು ಸೆಕೆಂಡ್ ಕಾದೆ.

"ದೊಡ್ಡಪ್ಪ, ಇಲ್ಲಿ ನೋಡಿ."

"ನೋಡ್ತಾ ಇದೀನಿ, ಹೊಡಿ."

ಕೋಣೆಯೆಲ್ಲ ಬೆಳ್ಳಗಾಯಿತು. ಎಲೆಕ್ಟ್ರಾನಿಕ್ ಫ್ಲ್ಯಾಶಿನ ಚುರುಕು ಬೆಳಕಲ್ಲ, ತುಂಬಿ ಹರಡುವ ಬೆಳಕು. ಬಲ್ಬ್ ಸುಟ್ಟು ಮೈಯೆಲ್ಲ ಬಿರುಕಾಗಿತ್ತು, ಮೇಲಿನ ಲ್ಯಾಕರ್ ಗುಳ್ಳೆ ಎದ್ದು ಗಾಜನ್ನು ಹಿಡಿದುಕೊಂಡಿತ್ತು. ದೊಡ್ಡಪ್ಪ ಅದು ಆರುವ ತನಕ ಕಾದು, ತೆಗೆದು ಅಂಗೈಯಲ್ಲಿ ಇಟ್ಟುಕೊಂಡರು. ಇನ್ನೂ ಸ್ವಲ್ಪ ಬೆಚ್ಚಗಿದೆ ಅಂದರು.

ರೀಲಿನಲ್ಲಿ ಇನ್ನೂ 35 ಫ್ರೇಮ್ ಬಾಕಿ ಇವೆ, ಬಲ್ಬ್ ಎಂಟು.