ಮೂರು ಹೆಸರುಗಳ ಹಾಳೆ

ಕಳೆದ ವರ್ಷ ಸುಗ್ಗಿ ಹಬ್ಬಕ್ಕೆ ಇನ್ನೂ ಆರು ವಾರಗಳಿರುವಾಗಲೇ ನಮ್ಮ ಚರ್ಚಿನ ಬಾಗಿಲ ಹಿಂಬದಿಗೆ ನಾನೊಂದು ಹಾಳೆಯನ್ನು ಅಂಟಿಸಿದೆ. "ಸೇವೆ ಮಾಡಲು ಇಚ್ಛೆಯುಳ್ಳವರು ಹೆಸರು ಬರೆಯಿರಿ" ಎಂಬ ತಲೆಬರಹ, ಅದರ ಕೆಳಗೆ ಸ್ಕೇಲಿಟ್ಟು ಎಳೆದ ಮೂವತ್ತು ಗೆರೆಗಳು, ಪಕ್ಕದಲ್ಲಿ ದಾರ ಕಟ್ಟಿ ಇಳಿಬಿಟ್ಟ ಒಂದು ಪೆನ್ನು. ಮೂರನೆಯ ಭಾನುವಾರದ ಹೊತ್ತಿಗೆ ಅದರಲ್ಲಿ ಮೂರು ಹೆಸರುಗಳಿದ್ದವು: ನನ್ನದು, ಖಜಾಂಚಿಯವರದು ಮತ್ತು ಸಭಾಪಾಲಕರ ಪತ್ನಿ ಅಮ್ಮನವರದು. ನಾಲ್ಕನೆಯ ವಾರ ಇನ್ನೊಂದು ಹೆಸರು ಕಂಡು ಹಿಗ್ಗಿದೆ. ವಿಚಾರಿಸಿದಾಗ ಅದು ಭಾನುವಾರ ಶಾಲೆಯ ಹುಡುಗನೊಬ್ಬ ಬರೆದ ಅವನ ನಾಯಿಯ ಹೆಸರೆಂದು ತಿಳಿಯಿತು.

ನಾನು ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು. ಸಭೆಯ, ಅಂದರೆ ನಮ್ಮ ಚರ್ಚಿಗೆ ಸೇರಿದವರ, ಕಮಿಟಿಗೆ ಕಾರ್ಯದರ್ಶಿಯಾಗಿ ಆಗ ನಾಲ್ಕು ವರ್ಷವಾಗಿತ್ತು. ಕೊಡಗಿನ ಸಿದ್ದಾಪುರದ ಕಡೆಯ ನಮ್ಮ ಸಭೆ ದೊಡ್ಡದೇನಲ್ಲ, ಸುಮಾರು ಅರವತ್ತು ಕುಟುಂಬಗಳು. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಕಾಫಿ ತೋಟಗಳಲ್ಲಿ ಕೂಲಿಗಾರರಿಗೆಂದು ಸಾಲಾಗಿ ಕಟ್ಟಿದ ಲೈನ್‌ಮನೆಗಳಲ್ಲಿವೆ, ಉಳಿದವರು ಪೇಟೆಯಲ್ಲಿರುವ ಶಿಕ್ಷಕರು, ನರ್ಸುಗಳು, ಅಂಗಡಿಯವರು ಮತ್ತು ಒಂದಿಬ್ಬರು ಸಣ್ಣ ಬೆಳೆಗಾರರು. ಕಮಿಟಿಯಲ್ಲಿ ಇರುವವರೆಲ್ಲ ಪೇಟೆಯವರೇ ಎಂಬ ಸಂಗತಿ ನನಗೆ ಅಲ್ಲಿಯವರೆಗೆ ವಿಶೇಷವೆಂದು ತೋರಿರಲಿಲ್ಲ.

ಕಮಿಟಿ ಸಭೆಯಲ್ಲಿ ಹಾಳೆಯ ಮಾತು ಬಂದಾಗ ಎಲ್ಲರೂ ಒಂದೇ ರಾಗ ಹಾಡಿದೆವು. ಜನರಲ್ಲಿ ಭಕ್ತಿ ಕಡಿಮೆಯಾಗಿದೆ, ಊಟಕ್ಕೆ ಮಾತ್ರ ಬರುತ್ತಾರೆ, ಮಕ್ಕಳು ಮೊಬೈಲಿನಲ್ಲಿ ಮುಳುಗಿದ್ದಾರೆ ಎಂದೆಲ್ಲ ಹೇಳಿಕೊಂಡೆವು. ಹಿರಿಯರೊಬ್ಬರು ಇದಕ್ಕೆ ಇತಿಹಾಸವನ್ನೂ ಜೋಡಿಸಿದರು. ಜರ್ಮನ್ ಮಿಶನರಿ ಹರ್ಮನ್ ಮೋಗ್ಲಿಂಗ್ 1850ರ ದಶಕದಲ್ಲಿ ಕೊಡಗಿಗೆ ಬಂದ ಮೇಲೆ ಬಾಸೆಲ್ ಮಿಶನ್‌ನವರು ಇಲ್ಲಿಗೆ ಸಮೀಪದ ಆನಂದಪುರದಲ್ಲಿ ನೆಲೆಯೂರಿದಾಗಿನಿಂದ ಎಲ್ಲವನ್ನೂ ಮಿಶನ್ನೇ ಮಾಡಿಕೊಟ್ಟಿತು, ಆದುದರಿಂದ ನಮ್ಮವರಿಗೆ ಕೈ ಚಾಚಿ ತೆಗೆದುಕೊಳ್ಳುವುದೇ ರೂಢಿಯಾಗಿದೆ ಎಂಬುದು ಅವರ ವಾದ. ಒಂದೂವರೆ ಶತಮಾನದ ಹಿಂದಿನವರ ಮೇಲೆ ಹೊರೆ ಹೊರಿಸಿದರೆ ಈ ವಾರದ ಕೆಲಸ ನಮ್ಮ ತಲೆಯ ಮೇಲಿಂದ ಇಳಿಯುತ್ತದೆಯಲ್ಲ, ಹಾಗಾಗಿ ಆ ಮಾತು ನನಗೂ ಹಿತವಾಗಿಯೇ ಕೇಳಿಸಿತು.

ನಮ್ಮ ಅಯ್ಯನವರು, ಅಂದರೆ ಸಭಾಪಾಲಕರು, ವಯಸ್ಸಿನಲ್ಲಿ ಚಿಕ್ಕವರು. ಅವರು ವಾದಕ್ಕಿಳಿಯಲಿಲ್ಲ. "2019ರ ಆಗಸ್ಟ್‌ನಲ್ಲಿ ಕಾವೇರಿ ಉಕ್ಕಿ ಕರಡಿಗೋಡು, ನೆಲ್ಲಿಹುದಿಕೇರಿಯಲ್ಲಿ ಹೊಳೆದಂಡೆಯ ಮನೆಗಳು ಬಿದ್ದಾಗ ಹಾಳೆ ಅಂಟಿಸಿದ್ದಿರಾ?" ಎಂದಷ್ಟೇ ಕೇಳಿದರು. ಅಂಟಿಸಿರಲಿಲ್ಲ. ಆಗ ಪರಿಹಾರ ಕೇಂದ್ರಕ್ಕೆ ಅಕ್ಕಿ ಹೊತ್ತವರು, ಕಂಬಳಿ ಹಂಚಿದವರು, ಮಕ್ಕಳನ್ನು ಮಡಿಲಲ್ಲಿ ಮಲಗಿಸಿಕೊಂಡವರು ಯಾರ ಕರೆಗೂ ಕಾಯಲಿಲ್ಲ; ಅವರಲ್ಲಿ ನಮ್ಮ ಸಭೆಯವರೂ ಇದ್ದರು, ಬೇರೆ ಧರ್ಮದವರೂ ಇದ್ದರು. "ಹಾಗಾದರೆ ಮನಸ್ಸಿಲ್ಲ ಎನ್ನುವುದು ಹೇಗೆ ಟೀಚರೇ? ನಾಳೆ ನನ್ನ ಜೊತೆ ಬನ್ನಿ" ಎಂದರು.

ಮರುದಿನ ಮಧ್ಯಾಹ್ನ ನಾಲ್ಕೂವರೆಗೆ, ತೋಟದ ಕೆಲಸ ಬಿಡುವ ಹೊತ್ತಿಗೆ ಸರಿಯಾಗಿ, ಅವರ ಜೀಪಿನಲ್ಲಿ ಹೊರಟೆವು. ಮಳೆಗಾಲ ಮುಗಿದಿದ್ದರೂ ತೋಟದೊಳಗಿನ ದಾರಿ ಕೆಸರಾಗಿಯೇ ಇತ್ತು, ಸಿಲ್ವರ್ ಓಕ್ ಮರಗಳಿಗೆ ಹಬ್ಬಿದ ಕರಿಮೆಣಸಿನ ಬಳ್ಳಿಗಳ ನಡುವೆ ಆಗಲೇ ಕತ್ತಲೆ ಸೇರುತ್ತಿತ್ತು. ದಾರಿಯಲ್ಲಿ ಎರಡು ಕಡೆ ಆನೆಯ ಲದ್ದಿ ಕಂಡಿತು. ಒಂದು ಇನ್ನೂ ಹಬೆಯಾಡುತ್ತಿತ್ತು.

ನಾವು ಹೋದ ಮೊದಲ ಮನೆ ಚರ್ಚಿನಲ್ಲಿ ಯಾವಾಗಲೂ ಬಾಗಿಲ ಬಳಿಯ ಕೊನೆಯ ಬೆಂಚಿನಲ್ಲಿ ಕೂರುವ ಅಕ್ಕನದು. ಅವರ ಮುಖ ನನಗೆ ಹತ್ತು ವರ್ಷಗಳಿಂದ ಗೊತ್ತು, ಮನೆ ಗೊತ್ತಿರಲಿಲ್ಲ. ಕಪ್ಪು ಕಾಫಿಗೆ ಬೆಲ್ಲ ಹಾಕಿ ಕೊಟ್ಟರು. ಹಾಳೆಯ ಮಾತೆತ್ತಿದಾಗ ನಕ್ಕು ಹೇಳಿದರು: "ನೋಡಿದೆ ಟೀಚರೇ. ಸೇವೆ ಅಂತ ಬರೆದಿತ್ತು, ಯಾವ ಕೆಲಸ ಅಂತ ಬರೆದಿರಲಿಲ್ಲ. ಹೆಸರು ಬರೆದ ಮೇಲೆ ಮುಂದೆ ನಿಂತು ವಾಕ್ಯ ಓದಿ ಅಂದರೆ ನಾನು ಎಲ್ಲಿಗೆ ಹೋಗಲಿ? ತಯಾರಿಯ ಮೀಟಿಂಗ್ ಸಂಜೆ ಆರಕ್ಕೆ ಅಂತೀರಿ. ಆರಕ್ಕೆ ಬಂದರೆ ವಾಪಸ್ ಹೋಗುವುದು ಹೇಗೆ? ಗೇಟಿನ ಹತ್ತಿರ ಒಂಟಿ ಆನೆ ನಿಂತಿರ್ತದೆ."

ಇಷ್ಟು ವರ್ಷ ಸಂಜೆ ಆರು ಗಂಟೆಗೆ ಸಭೆ ಕರೆದವಳು ನಾನೇ. ಪೇಟೆಯಲ್ಲಿರುವವರಿಗೆ ಅದು ಅನುಕೂಲದ ವೇಳೆ. ಶನಿವಾರ ಬಟವಾಡೆಯಾಗಿ ಭಾನುವಾರ ಆರಾಧನೆ ಮುಗಿಸಿ ವಾರದ ಸಾಮಾನು ತರಬೇಕಾದ ಹೆಂಗಸಿಗೆ ಭಾನುವಾರ ಮಧ್ಯಾಹ್ನವೂ ಬಿಡುವಲ್ಲ. ಭಕ್ತಿಯ ಕೊರತೆಯೆಂದು ನಾವು ಬರೆದಿಟ್ಟ ಲೆಕ್ಕದಲ್ಲಿ ಆನೆ, ಜೀಪು, ಸಂತೆ ಮತ್ತು ಕೊನೆಯ ಬಸ್ಸು ಇವುಗಳ ಪಾಲನ್ನು ಕಳೆದಿರಲೇ ಇಲ್ಲ.

ಮಾತಿನ ನಡುವೆ ಆ ಅಕ್ಕ ಇನ್ನೊಂದು ವಿಷಯ ಹೇಳಿದರು. ಹಿಂದಿನ ವರ್ಷ ಹಬ್ಬದ ದಿನ ತಾವಾಗಿಯೇ ಅಡುಗೆ ಶೆಡ್ಡಿಗೆ ಬಂದು ಈರುಳ್ಳಿ ಹೆಚ್ಚಲು ಕೂತಿದ್ದರಂತೆ. ಹೋಳು ದಪ್ಪವಾಯಿತೆಂದು ಯಾರೋ ಕೈಯಿಂದ ಚಾಕು ತೆಗೆದುಕೊಂಡರಂತೆ. ಯಾರೆಂದು ಅವರು ಹೇಳಲಿಲ್ಲ, ಕಾಫಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದರು. ಹೇಳುವ ಅಗತ್ಯವೂ ಇರಲಿಲ್ಲ. ಆ ಚಾಕು ನನ್ನ ಮನೆಯದು. "ಕೊಡಿ ಕೊಡಿ, ನಾನು ಮಾಡುತ್ತೇನೆ, ನೀವು ಕೂತುಕೊಳ್ಳಿ" ಎಂದದ್ದು ನನಗೆ ನೆನಪಿತ್ತು, ಮತ್ತು ಅದನ್ನು ನಾನು ಉಪಚಾರವೆಂದೇ ತಿಳಿದಿದ್ದೆ. ಜೀಪಿನಲ್ಲಿ ಮರಳುವಾಗ ಅಯ್ಯನವರು, ಪರಿಹಾರ ಕೇಂದ್ರದಲ್ಲಿ ಎಂಟು ದಿನ ಇನ್ನೂರು ಮುನ್ನೂರು ಜನರಿಗೆ ಅನ್ನ ಬೇಯಿಸಿದ ಗುಂಪಿನಲ್ಲಿ ಈ ಅಕ್ಕನೇ ಮುಂದಾಳು ಎಂದು ತಿಳಿಸಿದರು. ಕಣ್ಣು ಕೈಗೆ "ನೀನು ನನಗೆ ಬೇಡ" ಎಂದು ಹೇಳಲಾಗದು ಎಂದು ಬೈಬಲಿನಲ್ಲಿ ಪೌಲನು ಕೊರಿಂಥದವರಿಗೆ ಬರೆದ ಮಾತನ್ನು ನಾನು ಎಷ್ಟೋ ಸಲ ಪೀಠದಿಂದ ಓದಿದ್ದೇನೆ. ಪ್ರತಿ ಸಲವೂ ಅದು ಬೇರೆಯವರಿಗೆ ಬರೆದದ್ದೆಂಬ ಧೈರ್ಯದಿಂದಲೇ ಓದಿದ್ದೆ.

ಮುಂದಿನ ಎರಡು ವಾರಗಳಲ್ಲಿ ಐದು ಲೈನುಗಳಿಗೆ ಹೋಗಿಬಂದೆವು. ಆ ಭಾನುವಾರಗಳಲ್ಲಿ ಅಯ್ಯನವರು ಬೈಬಲಿನ ನೆಹೆಮೀಯನ ಗ್ರಂಥದ ಮೂರನೆಯ ಅಧ್ಯಾಯವನ್ನು ಪ್ರಸಂಗಕ್ಕೆ ತೆಗೆದುಕೊಂಡರು. ಅದು ಬರೀ ಹೆಸರುಗಳ ಅಧ್ಯಾಯ, ಸಾಮಾನ್ಯವಾಗಿ ಎಲ್ಲರೂ ಹಾರಿಸಿ ಓದುವಂಥದ್ದು. ಯೆರೂಸಲೇಮಿನ ಗೋಡೆ ಕಟ್ಟುವಾಗ ಅಕ್ಕಸಾಲಿಗರು, ಗಂಧದ್ರವ್ಯದವರು, ವ್ಯಾಪಾರಿಗಳು ಒಬ್ಬರ ಪಕ್ಕದಲ್ಲೊಬ್ಬರು ನಿಂತು ಕೆಲಸ ಮಾಡಿದರು, ಶಲ್ಲೂಮನೆಂಬವನ ಹೆಣ್ಣುಮಕ್ಕಳೂ ಕೈಜೋಡಿಸಿದರು, ಹಲವರಿಗೆ ಅವರವರ ಮನೆಯ ಎದುರಿನ ಭಾಗವೇ ಪಾಲಿಗೆ ಬಂದಿತ್ತು. ಗೋಡೆ 52 ದಿನಗಳಲ್ಲಿ ಮುಗಿಯಿತು. ತೆಕೋವದ ಶ್ರೀಮಂತರು ಮಾತ್ರ ಕೆಲಸಕ್ಕೆ ಕತ್ತು ಬಗ್ಗಿಸಲಿಲ್ಲ ಎಂಬ ವಚನವನ್ನು ಓದಿ ಅವರು ಯಾರ ಕಡೆಗೂ ನೋಡದೆ ಪುಟ ತಿರುಗಿಸಿದರು. ನಮ್ಮ ಕಮಿಟಿಯ ಬೆಂಚಿನಲ್ಲಿ ಮಾತ್ರ ಸ್ವಲ್ಪ ಕೆಮ್ಮು ಕೇಳಿಸಿತು.

ಹಾಳೆಯನ್ನು ಕಿತ್ತೆ. ಅದರ ಬದಲು, ಮೊದಲೆಲ್ಲ ನಾಟಿಯ ಕಾಲದಲ್ಲಿ ಮುಯ್ಯಾಳಿಗೆ ಮನೆಮನೆಗೆ ಹೋಗಿ ಕರೆಯುತ್ತಿದ್ದಂತೆ, ಒಬ್ಬೊಬ್ಬರನ್ನೂ ಹೆಸರು ಹಿಡಿದು, ಇಂಥ ಕೆಲಸ, ಇಷ್ಟು ಗಂಟೆಯಿಂದ ಇಷ್ಟು ಗಂಟೆಯವರೆಗೆ, ಕರೆದುಕೊಂಡು ಹೋಗಿ ಬಿಡಲು ಜೀಪು ಇಂಥವರದು ಎಂದು ಹೇಳಿ ಕರೆದೆವು. ಒಂದು ಲೈನಿಗೆ ಅಡುಗೆ, ಇನ್ನೊಂದಕ್ಕೆ ಅಲಂಕಾರ, ಮತ್ತೊಂದಕ್ಕೆ ಕಾಣಿಕೆಯಾಗಿ ಬಂದು ಹರಾಜಾಗುವ ವಸ್ತುಗಳ ಜೋಡಣೆ ಎಂದು ಹಂಚಿದೆವು. ತಯಾರಿಯ ಮಾತುಕತೆಯನ್ನು ಆರಾಧನೆ ಮುಗಿದ ಕೂಡಲೇ ಹದಿನೈದು ನಿಮಿಷಕ್ಕೆ ಇಳಿಸಿದೆವು. ಕೆಲಸ ಮಾಡಿದವರಿಗೆ ಕೊನೆಯಲ್ಲಿ ಶಾಲು ಹೊದಿಸಬೇಕೆಂದು ಕಮಿಟಿಯಲ್ಲೊಬ್ಬರು ಸೂಚಿಸಿದರು, ನಾನು ವಿರೋಧಿಸಿದೆ. ತಮ್ಮ ಮನೆಯ ಅಂಗಳ ಗುಡಿಸಿದವರಿಗೆ ಯಾರೂ ಶಾಲು ಹೊದಿಸುವುದಿಲ್ಲ. ಹೊದಿಸಿದರೆ ಅದು ಅವರ ಮನೆಯಲ್ಲವೆಂದು ಹೇಳಿದಂತಾಗುತ್ತದೆ.

ಹಬ್ಬ ಬಂದದ್ದು ನವೆಂಬರಿನ ಕೊನೆಯ ಭಾನುವಾರ. ಬೆಳಿಗ್ಗೆ ಆರೂವರೆಗೆ ಬನ್ನಿ ಎಂದು ಅಡುಗೆಯವರಿಗೆ ಹೇಳಿದ್ದವಳು ನಾನು, ತಲುಪಿದಾಗ ಏಳೂಕಾಲು. ಮಂಜು ಕವಿದ ಅಂಗಳದಲ್ಲಿ ಹನ್ನೊಂದು ಜನ ಸ್ವೆಟರು, ಶಾಲು ಸುತ್ತಿಕೊಂಡು ಮೆಟ್ಟಿಲ ಮೇಲೆ ಕೂತಿದ್ದರು, ಏಕೆಂದರೆ ಸಾಮಾನಿನ ಕೋಣೆಯ ಬೀಗದ ಕೈ ನನ್ನ ಪರ್ಸಿನಲ್ಲಿತ್ತು. ನಾಲ್ಕು ವರ್ಷಗಳಿಂದ ಅದು ಅಲ್ಲಿಯೇ ಇತ್ತು. ಯಾರೂ ಬೈಯಲಿಲ್ಲ. ಆ ನಲವತ್ತೈದು ನಿಮಿಷಗಳಲ್ಲಿ ಅವರು ಅಂಗಳ ಗುಡಿಸಿ, ಮೂರು ಕಲ್ಲಿನ ಒಲೆ ಹೂಡಿ ಮುಗಿಸಿದ್ದರು.

ಅನ್ನದ ಜವಾಬ್ದಾರಿ ಕೊನೆಯ ಬೆಂಚಿನ ಅಕ್ಕನದು. ಇನ್ನೂರು ಜನಕ್ಕೆ 25 ಕೆ.ಜಿ. ಅಕ್ಕಿ. ನಾನು ತರಿಸಿದ್ದ ಸಿಲ್ವರ್ ಓಕ್ ಸೌದೆಯನ್ನು ಅವರು ಎತ್ತಿ ಮೂಸಿ, ಹಸಿಯಿದೆಯೆಂದು ಬದಿಗೆ ಸರಿಸಿದರು. ಲೈನಿನಿಂದ ಜೀಪಿನಲ್ಲಿ ಹಾಕಿಕೊಂಡು ಬಂದಿದ್ದ ಕಾಫಿ ಗಿಡದ ಒಣ ಬೊಡ್ಡೆಗಳನ್ನು ಒಲೆಗಿಟ್ಟರು. ಆ ಕಟ್ಟಿಗೆ ಹೊಗೆಯಿಲ್ಲದೆ, ಸದ್ದಿಲ್ಲದೆ, ಕೆಂಪಗೆ ಉರಿಯುತ್ತದೆ. ಎಸರು ಮರಳುವವರೆಗೆ ಅಕ್ಕಿ ತೊಳೆಯಲೂ ಬಿಡಲಿಲ್ಲ. ಅಗುಳನ್ನು ಎರಡು ಬೆರಳಲ್ಲಿ ಹಿಸುಕಿ, ನಡುವೆ ಸಾಸಿವೆಯಷ್ಟು ಬಿಳುಪು ಉಳಿದಿರುವಾಗಲೇ ಬೆಂಕಿ ಎಳೆಸಿ, ಬಟ್ಟೆ ಹಾಸಿದ ಬಿದಿರಿನ ಕುಕ್ಕೆಗೆ ಗಂಜಿ ಬಸಿಸಿದರು. "ಕುಕ್ಕೆಯಲ್ಲಿ ಕೂತು ಉಳಿದದ್ದು ಬೇಯ್ತದೆ" ಎಂದರು. ನನ್ನ ಬಾಯಿಗೆ ಬಂದಿದ್ದ ಸಲಹೆಯನ್ನು ನುಂಗಿಕೊಂಡದ್ದೇ ಆ ದಿನ ನಾನು ಮಾಡಿದ ಕಠಿಣ ಸೇವೆ. ಅವರು ನನ್ನ ಕೈಗೆ ಈರುಳ್ಳಿಯ ಬುಟ್ಟಿ ಕೊಟ್ಟು ಮೂಲೆಯಲ್ಲಿ ಕೂರಿಸಿದರು.

ಹರಾಜು ಎಂದಿನಂತೆ ಗದ್ದಲದ್ದೇ. ಬಾಳೆಗೊನೆ, ಕುಂಬಳಕಾಯಿ, ಕಿತ್ತಳೆ, ಸೇರುಗಟ್ಟಲೆ ಕರಿಮೆಣಸು, ಎರಡು ಹುಂಜ. ನಾಯಿಯ ಹೆಸರು ಬರೆದ ಹುಡುಗನನ್ನು ಲೆಕ್ಕದ ಪುಸ್ತಕಕ್ಕೆ ಕೂರಿಸಿದ್ದೆವು, ಸಂಜೆ ಹಣಕ್ಕೂ ಪುಸ್ತಕಕ್ಕೂ ತಾಳೆ ನೋಡಿದಾಗ ಹತ್ತು ರೂಪಾಯಿ ಹೆಚ್ಚೇ ಇತ್ತು. ಅದು ಯಾರದೆಂದು ಅವನು ಇನ್ನೂ ಹುಡುಕುತ್ತಿದ್ದಾನೆ.

ಎಲ್ಲವೂ ಸರಿಹೋಯಿತೆಂದು ಹೇಳಲಾರೆ. ಪಾತ್ರೆ ತೊಳೆಯುವುದು ಈ ಸಲ ಗಂಡಸರ ಪಾಲು ಎಂದು ನಿಶ್ಚಯವಾಗಿತ್ತು, ಹತ್ತು ಜನ ಒಪ್ಪಿದ್ದರು, ಊಟವಾದ ಮೇಲೆ ನಲ್ಲಿಯ ಬಳಿ ಕಂಡವರು ನಾಲ್ವರು. ಅವರಲ್ಲಿ ಅಯ್ಯನವರೂ ಒಬ್ಬರು. ಪ್ಯಾಂಟು ಮಡಿಸಿಕೊಂಡು ದೊಡ್ಡ ಹಂಡೆಯೊಳಗೆ ಅರ್ಧ ಮೈ ಇಳಿಸಿ ತೆಂಗಿನ ನಾರಿನಿಂದ ತಳ ಉಜ್ಜುತ್ತಿದ್ದ ಅವರನ್ನು ಕಂಡು ಪೇಟೆಯ ಇಬ್ಬರು ಹಿರಿಯರು ಮುಜುಗರದಿಂದ ಕೈ ಹಾಕಿದರು. ಮುಜುಗರದಿಂದ ಬಂದವರ ಕೈಯಲ್ಲೂ ಹಂಡೆ ಬೆಳ್ಳಗಾಯಿತು ಎಂಬುದನ್ನು ಒಪ್ಪಿಕೊಳ್ಳಬೇಕು. ಪೇಟೆಯ ಮೂರು ಮನೆಯವರು ಮಾತ್ರ ಇಡೀ ದಿನ ಕುರ್ಚಿ ಬಿಟ್ಟು ಏಳಲಿಲ್ಲ. ಅವರ ಮನೆಗೆ ನಾವು ಹೋಗಿರಲಿಲ್ಲವೆಂಬುದು ಆಮೇಲೆ ಹೊಳೆಯಿತು. ಹತ್ತಿರದಲ್ಲೇ ಇದ್ದಾರಲ್ಲ, ತಾವಾಗಿ ಬರುತ್ತಾರೆಂದು ಬಿಟ್ಟಿದ್ದೆವು.

ನಾಲ್ಕೂವರೆಗೆ ಜೀಪು ಹೊರಡಲು ನಿಂತಿತು. ಸಾಮಾನಿನ ಕೋಣೆಗೆ ಬೀಗ ಹಾಕಿ, ಬೀಗದ ಕೈಯನ್ನು ಪರ್ಸಿಗೆ ಹಾಕಲು ಹೋದವಳು ತಡೆದು, ಜೀಪಿನ ಬಳಿಗೆ ಹೋಗಿ ಅಕ್ಕನಿಗೆ ಕೊಟ್ಟೆ. ಕ್ರಿಸ್‌ಮಸ್ಸಿಗೆ ಮತ್ತೆ ಅಡುಗೆಯಿದೆ, ನಿಮ್ಮಲ್ಲಿರಲಿ ಎಂದೆ. ಅವರು ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಮುಂದಿನ ಸೀಟಿಗೆ ಹತ್ತಿದರು. ಗಾಡಿ ಹೊರಟ ಮೇಲೆ ತಲೆ ಹೊರಗೆ ಹಾಕಿ ಕೂಗಿದರು:

"ಕ್ರಿಸ್‌ಮಸ್ಸಿಗೆ ಈರುಳ್ಳಿಗೆ ಇನ್ನಿಬ್ಬರನ್ನು ಹಾಕಬೇಕು ಟೀಚರೇ. ನೀವು ಭಾರಿ ಸಣ್ಣಗೆ ಹೆಚ್ಚುತ್ತೀರಿ, ಹೊತ್ತಾಗ್ತದೆ."